ಹೊಸ ಪಿನ್ ಚುಚ್ಚಿದರೆ ಹಳೆಯ ಶ್ರುತಿ ಜಾರುತ್ತದೆ: ಇದು ದೋಷವೇ, ಸ್ವಭಾವವೇ?

ಪ್ರಶ್ನೆ ಕೇಳಿದವರು (ವೇದಿಕೆಯಲ್ಲಿನ ಅಡ್ಡಹೆಸರು): ಮೂರನೇ ಆಸಿಲೇಟರ್

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳಿನಿಂದ ನನ್ನ ಮೇಜಿನ ಮೇಲೆ ಒಂದು ಪಿನ್ ಮ್ಯಾಟ್ರಿಕ್ಸ್ ಸಿಂಥಸೈಜರ್, ಅಂದರೆ ಪಿನ್ನುಗಳಿಂದ ಜೋಡಿಸಿ ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯ, ಇದೆ. ಲಂಡನ್ನಿನ ಇ.ಎಂ.ಎಸ್. ಸಂಸ್ಥೆ 1969ರಲ್ಲಿ ಹೊರತಂದ ವಿ.ಸಿ.ಎಸ್. 3ರ ಸರ್ಕ್ಯೂಟನ್ನು ಅನುಸರಿಸಿ ಹವ್ಯಾಸಿಯೊಬ್ಬರು ಕೈಯಾರೆ ಕಟ್ಟಿದ್ದು. ನಾನು ಅದರ ಎರಡನೆಯ ಒಡತಿ. ಸ್ವರ ಹುಟ್ಟಿಸುವ ಮೂರು ಆಸಿಲೇಟರ್, ಸುಯ್ಯೆನ್ನುವ ನಾಯ್ಸ್, ಧ್ವನಿಯನ್ನು ಸೋಸುವ ಫಿಲ್ಟರ್, ಎರಡು ಧ್ವನಿಗಳನ್ನು ಬೆರೆಸಿ ಹೊಸದನ್ನು ಮಾಡುವ ರಿಂಗ್ ಮಾಡ್ಯುಲೇಟರ್, ಧ್ವನಿಯ ಏರಿಳಿತ ರೂಪಿಸುವ ಎನ್ವಲಪ್, ಪ್ರತಿಧ್ವನಿ ಕೊಡುವ ಸ್ಪ್ರಿಂಗ್ ರಿವರ್ಬ್, ಜಾಯ್‌ಸ್ಟಿಕ್, ಒಂದು ಮುಳ್ಳಿನ ಮೀಟರ್. ಕೀಬೋರ್ಡ್ ಇಲ್ಲ, ವಯರುಗಳೂ ಇಲ್ಲ. ನಡುವೆ 16 ಅಡ್ಡಸಾಲು, 16 ಕಂಬಸಾಲುಗಳ ಪಿನ್ ಹಲಗೆ. ಅಂದರೆ 256 ರಂಧ್ರಗಳು. ಅಡ್ಡಸಾಲು ಧ್ವನಿ ಅಥವಾ ವೋಲ್ಟೇಜ್ ಕೊಡುತ್ತದೆ, ಕಂಬಸಾಲು ತೆಗೆದುಕೊಳ್ಳುತ್ತದೆ, ಎರಡೂ ಕೂಡುವಲ್ಲಿ ಪಿನ್ ಇಟ್ಟರೆ ಸಂಪರ್ಕ. ಇಷ್ಟು ಅರ್ಥವಾಗಿದೆ.

ಅರ್ಥವಾಗದಿರುವುದು ಇದು. ಜಾಯ್‌ಸ್ಟಿಕ್ಕಿನ ಸಾಲಿನಿಂದ ಮೊದಲ ಆಸಿಲೇಟರಿನ ಆವರ್ತನಕ್ಕೆ ಒಂದು ಬಿಳಿ ಪಿನ್ ಇಡುತ್ತೇನೆ. ಜಾಯ್‌ಸ್ಟಿಕ್ಕನ್ನು ಮೇಲಕ್ಕೆ ತಳ್ಳಿ, ಒಂದು ಸ್ವರ ಹಿಡಿದು ನಿಲ್ಲಿಸುತ್ತೇನೆ. ಈಗ ಅದೇ ಸಾಲಿನಿಂದ ಫಿಲ್ಟರಿಗೆ ಇನ್ನೊಂದು ಬಿಳಿ ಪಿನ್ ಚುಚ್ಚಿದೊಡನೆ ಆಸಿಲೇಟರಿನ ಸ್ವರ ಕೆಳಗೆ ಜಾರುತ್ತದೆ. ನಾನು ಆಸಿಲೇಟರಿನ ಗುಂಡಿ ಮುಟ್ಟಿರುವುದಿಲ್ಲ, ಜಾಯ್‌ಸ್ಟಿಕ್ಕನ್ನೂ ಮುಟ್ಟಿರುವುದಿಲ್ಲ. ಪಿನ್ ಕಿತ್ತರೆ ಸ್ವರ ಮತ್ತೆ ತನ್ನ ಜಾಗಕ್ಕೆ ಏರುತ್ತದೆ. ಇನ್ನು ಕೆಲವೊಮ್ಮೆ, ಇದೇ ಜೋಡಣೆಯಲ್ಲಿ, ಜಾಯ್‌ಸ್ಟಿಕ್ಕನ್ನು ಎಷ್ಟು ಆಡಿಸಿದರೂ ಆಸಿಲೇಟರ್ ಕದಲುವುದೇ ಇಲ್ಲ.

ಎರಡನೆಯ ಸಂಗತಿ: ರಾತ್ರಿ ಒಂದು ಅಪರೂಪದ ನಾದ ಸಿಕ್ಕಿರುತ್ತದೆ. ಬೆಳಗ್ಗೆ ಎದ್ದು, ಬರೆದಿಟ್ಟುಕೊಂಡ ಪಿನ್ನುಗಳನ್ನೆಲ್ಲ ಅವವೇ ರಂಧ್ರಗಳಲ್ಲಿ ಇಟ್ಟರೂ ಅದು ಬರುವುದಿಲ್ಲ. ಇಷ್ಟು ದಿನ ನಾನು ಈ ವಾದ್ಯದ ಸುತ್ತ ಅಡ್ಡಾಡಿದ್ದೇನೆ, ಒಳಗೆ ಹೋಗಿಲ್ಲ ಎನಿಸುತ್ತಿದೆ. ಇದನ್ನು ಹೇಗೆ ಕಲಿಯಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಹಸಿರು ಪಿನ್

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಸ್ವರ ಜಾರಿದ್ದನ್ನು ಗಮನಿಸಿದ್ದೀರಿ, ಪಿನ್ ಕಿತ್ತು ಪರೀಕ್ಷಿಸಿದ್ದೀರಿ. ಈ ವಾದ್ಯ ಕೇಳುವುದು ಇದೇ ಗಮನವನ್ನು. ಹನ್ನೊಂದು ವರ್ಷಗಳಿಂದ ಇದೇ ಬಗೆಯ ಒಂದು ವಾದ್ಯದ ಜೊತೆ ಇದ್ದೇನೆ. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಪಿನ್ ಎಂದರೇನು ಎಂಬುದು. ಅದು ಬರಿಯ ಲೋಹದ ಕಡ್ಡಿಯಲ್ಲ. ಅದರ ಹೊಟ್ಟೆಯಲ್ಲಿ ಒಂದು ರೆಸಿಸ್ಟರ್, ಅಂದರೆ ಕರೆಂಟಿನ ಹರಿವಿಗೆ ತಡೆಯೊಡ್ಡುವ ಬಿಡಿಭಾಗ, ಕುಳಿತಿದೆ; ಆ ತಡೆಯ ಅಳತೆ ಓಮ್. ಬಿಳಿ ಪಿನ್ನಿನಲ್ಲಿ 2.7 ಕಿಲೋ ಓಮ್, ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದು. ಕೆಂಪಿನಲ್ಲಿಯೂ ಅದೇ 2.7, ಆದರೆ ಶೇಕಡಾ 1ರ ಒಳಗಿನ ಕರಾರುವಾಕ್ಕು. ಹಸಿರಿನಲ್ಲಿ 68 ಕಿಲೋ ಓಮ್. ಒಂದೇ ಕಂಬಸಾಲಿಗೆ ಎರಡು ಮೂರು ಕಡೆಯಿಂದ ಬರುವ ಸಂಕೇತಗಳು ಒಂದನ್ನೊಂದು ಶಾರ್ಟ್ ಮಾಡದೆ ಕೂಡಿಕೊಳ್ಳುವುದು ಈ ರೆಸಿಸ್ಟರುಗಳಿಂದಲೇ. ಮಿಕ್ಸರಿನ ಅರ್ಧ ಭಾಗ ಪಿನ್ನಿನೊಳಗಿದೆ ಎಂದು ತಿಳಿಯಿರಿ.

ಇನ್ನು ನಿಮ್ಮ ಜಾರುವ ಸ್ವರ. ಜಾಯ್‌ಸ್ಟಿಕ್ಕಿನ ಸಾಲು ಕೊಡುವ ವೋಲ್ಟೇಜಿನ ಹಿಂದೆ ಅದರದೇ ಒಂದಿಷ್ಟು ಒಳ ರೋಧ ಇದೆ. ಒಂದು ಪಿನ್ ಇದ್ದಾಗ ಒಂದು ದಾರಿಯಲ್ಲಿ ಕರೆಂಟು ಹರಿಯುತ್ತದೆ. ಎರಡನೆಯ ಪಿನ್ ಇಟ್ಟೊಡನೆ ಎರಡು ದಾರಿ. ಒಂದು ನಲ್ಲಿ ತೆರೆದಿರುವಾಗ ಮನೆಯಲ್ಲಿ ಇನ್ನೊಂದು ನಲ್ಲಿ ತೆರೆದರೆ ಮೊದಲನೆಯದರ ಧಾರೆ ಸಣ್ಣಗಾಗುವುದಿಲ್ಲವೇ, ಹಾಗೆ ಆ ಸಾಲಿನ ವೋಲ್ಟೇಜ್ ಕುಗ್ಗುತ್ತದೆ. ಈ ಮಾದರಿಯಲ್ಲಿ ಇಂದಿನ ರೂಢಿಯ ‘ಒಂದು ವೋಲ್ಟಿಗೆ ಒಂದು ಆಕ್ಟೇವ್ (ಸ್ಥಾಯಿ)’ ಲೆಕ್ಕವೂ ಇಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟೇಜಿಗೆ ಆಸಿಲೇಟರ್ ಒಂದು ಆಕ್ಟೇವ್ ಏರುತ್ತದೆ. ಹಾಗಾಗಿ ಚಿಕ್ಕ ಕುಸಿತವೂ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಇದು ದೋಷವಲ್ಲ, ಮೂಲ ವಾದ್ಯದಲ್ಲಿಯೂ ಇರುವ ಸ್ವಭಾವ.

ಖಾತ್ರಿ ಮಾಡಿಕೊಳ್ಳಲು ಒಂದು ಪರೀಕ್ಷೆ. ಜಾಯ್‌ಸ್ಟಿಕ್ಕನ್ನು ಸರಿಯಾಗಿ ನಡುವೆ ನಿಲ್ಲಿಸಿ; ಅಲ್ಲಿ ವೋಲ್ಟೇಜ್ ಸೊನ್ನೆ. ಈಗ ಎರಡನೆಯ ಪಿನ್ ಚುಚ್ಚಿ. ಹಂಚಿಕೊಳ್ಳಲು ಏನೂ ಇಲ್ಲದಿರುವುದರಿಂದ ಸ್ವರ ಅಲುಗಾಡಬಾರದು. ಅಲುಗಾಡಿದರೆ ಬೇರೆ ಏನೋ ಕೆಟ್ಟಿದೆ. ಮತ್ತೆ ಮೇಲಕ್ಕೆ ತಳ್ಳಿ, ಈ ಬಾರಿ ಎರಡನೆಯದಾಗಿ ಬಿಳಿಯ ಬದಲು ಹಸಿರು ಪಿನ್ ಇಡಿ. ಜಾರುವಿಕೆ ಬಹುತೇಕ ಕೇಳಿಸುವುದಿಲ್ಲ, ಏಕೆಂದರೆ ಹಸಿರು ಪಿನ್ ಎಳೆಯುವುದು ಬಿಳಿಯ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ.

‘ಹಸಿರು ಪಿನ್’ ಎಂಬ ನನ್ನ ಹೆಸರಿನ ಗುಟ್ಟೂ ಇದೇ. ಮೊದಲ ಎರಡು ವರ್ಷ ನಾನು ಬಿಳಿ ಪಿನ್ನುಗಳನ್ನೇ ಬಳಸಿದೆ. ಮೂರನೇ ಆಸಿಲೇಟರಿನಿಂದ ಮೊದಲನೆಯದರ ಆವರ್ತನಕ್ಕೆ ಬಿಳಿ ಪಿನ್ ಇಟ್ಟರೆ ಸ್ವರ ಮೇಲಕ್ಕೂ ಕೆಳಕ್ಕೂ ಆಕ್ಟೇವುಗಟ್ಟಲೆ ಹಾರಾಡುತ್ತಿತ್ತು, ಸೈರನ್ನಿನಂತೆ. ಒಂದು ದಿನ ಅದೇ ರಂಧ್ರದಲ್ಲಿ ಹಸಿರು ಪಿನ್ ಇಟ್ಟೆ. ಹಾರಾಟ ನಿಂತಿತು. ಸ್ವರ ಉಸಿರಾಡುವ ಎದೆಯಂತೆ ಅತಿ ಸಣ್ಣಗೆ ಏರಿ ಇಳಿಯತೊಡಗಿತು. ಪಕ್ಕದಲ್ಲಿ ಎರಡನೇ ಆಸಿಲೇಟರ್ ಅದೇ ಶ್ರುತಿಯಲ್ಲಿ ಸುಮ್ಮನೆ ನಿಂತಿತ್ತು. ಎರಡೂ ಹತ್ತಿರವಾದಾಗ ಅವುಗಳ ನಡುವಿನ ಮಿಡಿತ ನಿಧಾನವಾಗುತ್ತ, ನಿಧಾನವಾಗುತ್ತ, ಒಂದು ಕ್ಷಣ ನಿಂತೇಹೋಗಿ, ಆಚೆ ಬದಿಯಲ್ಲಿ ಮತ್ತೆ ಹುಟ್ಟುತ್ತಿತ್ತು. ಮೂರನೆಯದನ್ನು ಅತಿ ನಿಧಾನಕ್ಕೆ ಇಳಿಸಿದರೆ ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡು ಹಿಡಿಯುತ್ತದೆ. ನಾನು ಮುಕ್ಕಾಲು ಗಂಟೆ ಕೈಕಟ್ಟಿ ಕುಳಿತು ಅದನ್ನೇ ಕೇಳಿದೆ. ಮೂರು ಪಿನ್ನುಗಳು, ಅಷ್ಟೇ.

ಕಲಿಯುವ ಬಗೆಯ ಬಗ್ಗೆ. ವಿ.ಸಿ.ಎಸ್. ಎಂಬುದರ ವಿಸ್ತಾರ ‘ವೋಲ್ಟೇಜ್ ಕಂಟ್ರೋಲ್ಡ್ ಸ್ಟುಡಿಯೋ’. ಪೀಟರ್ ಝಿನೋವಿಯೆಫ್, ಟ್ರಿಸ್ಟ್ರಮ್ ಕ್ಯಾರಿ, ಡೇವಿಡ್ ಕಾಕರೆಲ್ ಈ ಮೂವರು ಅದನ್ನು ರೂಪಿಸುವಾಗ ಅವರ ಕಣ್ಣ ಮುಂದಿದ್ದದ್ದು ಟೇಪು, ಆಸಿಲೇಟರು, ಫಿಲ್ಟರುಗಳಿಂದ ತುಂಬಿದ ಎಲೆಕ್ಟ್ರಾನಿಕ್ ಸಂಗೀತದ ಕೋಣೆ. ಅದನ್ನೇ ಮಡಿಚಿ ಪೆಟ್ಟಿಗೆಯೊಳಗೆ ಇಟ್ಟರು. ಇದನ್ನು ಪಿಯಾನೋದಂತೆ ಸ್ವರ ನುಡಿಸುವ ವಾದ್ಯ ಎಂದುಕೊಂಡು ಕುಳಿತರೆ ನಿರಾಸೆ ತಪ್ಪದು. ಕೋಣೆಯೊಂದನ್ನು ಹೊಕ್ಕಂತೆ ಹೋಗಿ, ಒಂದೊಂದೇ ದೀಪ ಹಚ್ಚುತ್ತ.

ದೀಪ ಎಂದೆನಲ್ಲ, ಮೀಟರೇ ಆ ದೀಪ. ಎಡತುದಿಯ ಕಂಬಸಾಲು ಮೀಟರಿನದು. ಯಾವ ಸಾಲು ಏನು ಕೊಡುತ್ತಿದೆ ಎಂಬ ಅನುಮಾನ ಬಂದರೂ ಅಲ್ಲಿಗೊಂದು ಪಿನ್ ಇಟ್ಟು ಮುಳ್ಳನ್ನು ನೋಡಿ. ನಿಧಾನದ ಆಸಿಲೇಟರಿನ ಅಲೆ, ಎನ್ವಲಪಿನ ಏರಿಳಿತ, ಜಾಯ್‌ಸ್ಟಿಕ್ಕಿನ ನಡುಬಿಂದು, ಎಲ್ಲವೂ ಕಣ್ಣಿಗೆ ಕಾಣುತ್ತವೆ. ನೋಡಿದ ಮೇಲೆ ಆ ಪಿನ್ನನ್ನು ಮಾತ್ರ ತೆಗೆದುಬಿಡಿ.

ಹಲಗೆಯ ಎಡ ಅರ್ಧದ ಕಂಬಸಾಲುಗಳು ಧ್ವನಿಗೆ, ಬಲ ಅರ್ಧದವು ನಿಯಂತ್ರಣಕ್ಕೆ ಎಂದು ಹಣೆಪಟ್ಟಿ ಇದೆ. ಆದರೆ ಯಾವ ಸಾಲು ಎಲ್ಲಿಗೆ ಹೋಗಬಾರದು ಎಂಬ ತಡೆ ಹಲಗೆಯಲ್ಲಿ ಎಲ್ಲಿಯೂ ಇಲ್ಲ. ನನಗೆ ಈ ವಾದ್ಯದ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದೇ ಅದರಿಂದ. ಎನ್ವಲಪನ್ನೇ ನೋಡಿ. ಇದು ಇಂದಿನ ರೂಢಿಯ ನಾಲ್ಕು ಹಂತಗಳ ಎ.ಡಿ.ಎಸ್.ಆರ್. ಎನ್ವಲಪ್ ಅಲ್ಲ, ಟ್ರಾಪೆಝಾಯಿಡ್: ಏರು, ತಂಗು, ಇಳಿ, ವಿರಮಿಸು. ವಿರಾಮದ ಗುಂಡಿಯನ್ನು ಪೂರ್ತಿ ತಿರುಗಿಸದೆ ಬಿಟ್ಟರೆ ಅದು ತಾನಾಗಿಯೇ ಮತ್ತೆ ಮತ್ತೆ ಸುತ್ತುತ್ತದೆ. ಈಗ ಮೂರನೇ ಆಸಿಲೇಟರಿನಿಂದ ‘ಡಿಕೇ’ (ಇಳಿತ) ನಿಯಂತ್ರಣದ ಕಂಬಸಾಲಿಗೆ ಒಂದು ಪಿನ್ ಇಡಿ. ಪ್ರತಿ ಸುತ್ತಿನ ಇಳಿತವೂ ಬೇರೆ ಬೇರೆ ಉದ್ದದ್ದಾಗುತ್ತದೆ, ಆದ್ದರಿಂದ ಮುಂದಿನ ಬಡಿತ ಬರುವ ಹೊತ್ತೂ ಬೇರೆ. ಆ ಲಯ ಎಣಿಕೆಗೆ ಸಿಗುವುದಿಲ್ಲ, ಆದರೆ ಅರ್ಥವಿಲ್ಲದ್ದೂ ಅಲ್ಲ. ಮೂರನೆಯದರ ಅಲೆ ಅದರೊಳಗೆ ಅಡಗಿ ಕುಳಿತಿರುತ್ತದೆ. ಇದೊಂದೇ ಜೋಡಣೆಯಲ್ಲಿ ಒಂದು ವಾರ ಕಳೆಯಬಹುದು. ಕಳೆಯಿರಿ.

ಫಿಲ್ಟರಿನ ‘ರೆಸ್ಪಾನ್ಸ್’ ಗುಂಡಿಯನ್ನು ಮೇಲೇರಿಸಿದರೆ ಅದು ತಾನೇ ಹಾಡತೊಡಗುತ್ತದೆ, ಅಂದರೆ ನಿಮಗೆ ನಾಲ್ಕನೆಯ ಆಸಿಲೇಟರ್ ಸಿಕ್ಕಂತೆ. ಅದನ್ನೂ ಮೊದಲ ಆಸಿಲೇಟರನ್ನೂ ರಿಂಗ್ ಮಾಡ್ಯುಲೇಟರಿನ ಎರಡು ಬಾಗಿಲುಗಳಿಗೆ ಕೊಡಿ. ಒಂದು 300 ಹರ್ಟ್ಜ್, ಇನ್ನೊಂದು 200 ಎಂದಾದರೆ ಹೊರಗೆ ಬರುವುದು 500 ಮತ್ತು 100: ಮೊತ್ತ, ವ್ಯತ್ಯಾಸ. 200ರದನ್ನು ಮೆಲ್ಲಗೆ ಏರಿಸಿದರೆ ಒಂದು ಧ್ವನಿ ಮೇಲಕ್ಕೂ ಇನ್ನೊಂದು ಕೆಳಕ್ಕೂ ಸರಿಯುತ್ತವೆ, ಬಾಗಿಲ ಎರಡು ರೆಕ್ಕೆಗಳು ತೆರೆದುಕೊಂಡಂತೆ.

ಸಿಕ್ಕ ನಾದ ಕಳೆದುಹೋಗುವ ಬಗ್ಗೆ: ಪಿನ್ನುಗಳ ಜಾಗ ಬರೆದುಕೊಂಡಿದ್ದೀರಿ ಎಂದಿರಿ. ಬಣ್ಣ ಬರೆದಿದ್ದೀರಾ? ಗುಂಡಿಗಳ ಅಂಕಿ? ಆಸಿಲೇಟರುಗಳು ಹೊರಡಿಸುವ ಧ್ವನಿಯ ಪ್ರಮಾಣ ಕೂಡ ಮುಖ್ಯ, ಏಕೆಂದರೆ ಫಿಲ್ಟರಿನೊಳಗೆ ಜೋರಾಗಿ ಹೋದ ಧ್ವನಿಯ ಬಣ್ಣವೇ ಬೇರೆ. ಮತ್ತು ವಾದ್ಯ ಎಷ್ಟು ಹೊತ್ತಿನಿಂದ ಚಾಲೂ ಇತ್ತು ಎಂಬುದು. ಬಿಸಿಯಾಗುವವರೆಗೆ ಆಸಿಲೇಟರುಗಳು ಜಾರುತ್ತಲೇ ಇರುತ್ತವೆ. ನಾನು ಅರ್ಧ ಗಂಟೆ ಕಾಯುತ್ತೇನೆ. ಇಷ್ಟಾದರೂ ನಿನ್ನೆಯದರ ಹತ್ತಿರದ ಸಂಬಂಧಿ ಸಿಗುತ್ತದೆಯೇ ಹೊರತು ನಿನ್ನೆಯದೇ ಅಲ್ಲ. ಆದ್ದರಿಂದ ರೆಕಾರ್ಡರನ್ನು ಮೊದಲು ಚಾಲೂ ಮಾಡಿ, ಅನಂತರ ಪಿನ್ನಿಗೆ ಕೈ ಹಾಕಿ.

ಉತ್ತರ: ಬೆಸುಗೆ ಕಡ್ಡಿ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಪ್ರಶ್ನೆಯಲ್ಲಿ ಒಂದು ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು: ‘ಕೆಲವೊಮ್ಮೆ ಜಾಯ್‌ಸ್ಟಿಕ್ಕನ್ನು ಎಷ್ಟು ಆಡಿಸಿದರೂ ಆಸಿಲೇಟರ್ ಕದಲುವುದೇ ಇಲ್ಲ.’ ಇದು ಹಂಚಿಕೆಯಿಂದ ಆಗುವ ಕುಸಿತವಲ್ಲ. ಕುಸಿತ ಎಂದರೆ ಕಡಿಮೆಯಾಗಬೇಕು, ಸತ್ತೇಹೋಗಬಾರದು.

ನನಗೆ ಎರಡು ಅನುಮಾನಗಳಿವೆ. ಒಂದು, ಆಸಿಲೇಟರಿಗೆ ಹೋಗುವ ಮೊದಲನೆಯ ಪಿನ್ ಸರಿಯಾಗಿ ಕಚ್ಚಿಕೊಳ್ಳುತ್ತಿಲ್ಲ. ಹಲಗೆಯೊಳಗೆ ಪ್ರತಿ ರಂಧ್ರದಲ್ಲಿಯೂ ಎರಡು ಪದರಗಳ ಲೋಹದ ಸಂಪರ್ಕ ಇರುತ್ತದೆ, ಮೇಲಿನದು ಒಂದು ದಿಕ್ಕಿನ ಸಾಲು, ಕೆಳಗಿನದು ಇನ್ನೊಂದು. ವರ್ಷಗಳು ಕಳೆದಂತೆ ಅಲ್ಲಿ ಕಿಲುಬು ಕಟ್ಟುತ್ತದೆ. ಆಗ ಪಿನ್ ಅಲುಗಿಸಿದರೆ ಕರಕರ ಸದ್ದು ಬರುತ್ತದೆ. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಇಡಿ. ಉಜ್ಜುಕಾಗದ ಖಂಡಿತ ಬೇಡ, ಲೇಪ ಹೋಗುತ್ತದೆ. ಚುಚ್ಚುವಾಗಲೂ ಕೀಳುವಾಗಲೂ ನೇರವಾಗಿ, ತಿರುಚದೆ.

ಎರಡನೆಯ ಅನುಮಾನ ಹೆಚ್ಚು ಗಂಭೀರ. ನಿಮ್ಮ ಬಿಳಿ ಪಿನ್ನುಗಳಲ್ಲಿ ಯಾವುದಾದರೂ ಒಂದರೊಳಗೆ ರೆಸಿಸ್ಟರಿನ ಬದಲು ಬರಿಯ ತಂತಿ ಇರಬಹುದು. ಕೈಯಾರೆ ಕಟ್ಟಿದ ವಾದ್ಯಗಳಲ್ಲಿ ಪಿನ್ನುಗಳನ್ನೂ ಕೈಯಾರೆ ಮಾಡಿರುತ್ತಾರೆ. ತಂತಿಯ ಪಿನ್ನನ್ನು ಫಿಲ್ಟರಿನ ಕಂಬಸಾಲಿಗೆ ಇಟ್ಟಿರಿ ಎನ್ನಿ. ಆ ಕಂಬಸಾಲಿನ ಇನ್‌ಪುಟ್ ಹೆಚ್ಚುಕಡಿಮೆ ಸೊನ್ನೆ ವೋಲ್ಟಿನಲ್ಲಿ ಕುಳಿತಿರುತ್ತದೆ. ತಂತಿಯ ಮೂಲಕ ಜಾಯ್‌ಸ್ಟಿಕ್ಕಿನ ಸಾಲು ಪೂರ್ತಿ ಅಲ್ಲಿಗೇ ಕಟ್ಟಿಬೀಳುತ್ತದೆ. ಆಸಿಲೇಟರಿನ ಪಾಲಿಗೆ ಏನೂ ಉಳಿಯುವುದಿಲ್ಲ, ಫಿಲ್ಟರ್ ಮಾತ್ರ ವಿಪರೀತ ಹಾರಾಡುತ್ತದೆ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಪಿನ್ನಿನ ತುದಿಗೊಂದು ಕಡ್ಡಿ, ಮೇಲಿನ ಸಂಪರ್ಕದ ಭಾಗಕ್ಕೊಂದು ಕಡ್ಡಿ ಹಿಡಿಯಿರಿ. ಬಿಳಿ ಪಿನ್ 2,565ರಿಂದ 2,835 ಓಮ್‌ಗಳ ನಡುವೆ ತೋರಿಸಬೇಕು. ಪಿನ್ನುಗಳನ್ನೆಲ್ಲ ಒಂದೇ ಸಲ ಅಳೆದು ಮುಗಿಸಿಬಿಡಿ. ಅಳೆದ ಅಂಕಿಗಳನ್ನು ಬರೆದಿಡಿ; ಹತ್ತಿರದ ಅಂಕಿಯ ಬಿಳಿ ಪಿನ್ನುಗಳನ್ನು ಜೋಡಿ ಮಾಡಿಟ್ಟರೆ ಎರಡು ಆಸಿಲೇಟರುಗಳನ್ನು ಒಟ್ಟಿಗೆ ಒಂದೇ ಜಾಯ್‌ಸ್ಟಿಕ್ಕಿನಿಂದ ಏರಿಸುವಾಗ ಅವು ಜೊತೆ ಬಿಡುವುದು ಕಡಿಮೆಯಾಗುತ್ತದೆ. ಕೆಂಪು ಪಿನ್ ಹುಟ್ಟಿದ್ದೇ ಈ ಕೆಲಸಕ್ಕೆ.

ಉತ್ತರ: ದೀರ್ಘ ಪ್ರತಿಧ್ವನಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾದ ಕಳೆದುಹೋಗುವುದನ್ನು ಒಪ್ಪಿಕೊಂಡೇ ಬಾಳಬೇಕು ಎಂದೇನೂ ಇಲ್ಲ. 2017ರಲ್ಲಿ ಬಂದ ಆರ್ಟೂರಿಯಾ ಮ್ಯಾಟ್ರಿಕ್ಸ್‌ಬ್ರೂಟ್ ಎಂಬ ಸಿಂಥಸೈಜರಿನಲ್ಲಿಯೂ 16ಕ್ಕೆ 16ರ ಮ್ಯಾಟ್ರಿಕ್ಸ್ ಇದೆ. ಅಲ್ಲಿ ಪಿನ್ನುಗಳ ಬದಲು ಬೆಳಗುವ ಗುಂಡಿಗಳು. ಧ್ವನಿ ಅನಲಾಗ್, ಜೋಡಣೆಯ ನೆನಪು ಡಿಜಿಟಲ್. ನಾನು ಬಳಸುವುದು ಅದನ್ನೇ. ಸಂಗೀತ ಕಟ್ಟುವವರಿಗೆ ನಿನ್ನೆಯ ಕೆಲಸ ಇಂದು ಕೈಗೆ ಸಿಗುವುದು ದೊಡ್ಡ ವಿಷಯ, ಅದನ್ನು ಹಗುರವಾಗಿ ಕಾಣಬಾರದು. ಪಿನ್ನಿನ ವಾದ್ಯವನ್ನೇ ಇಟ್ಟುಕೊಳ್ಳುವುದಾದರೆ ಮುದ್ರಿತ ನಮೂನೆ ಮಾಡಿಕೊಳ್ಳಿ. ಇ.ಎಂ.ಎಸ್.ನವರೇ ಹಲಗೆಯ ಚಿತ್ರವಿದ್ದ ಹಾಳೆಗಳನ್ನು ಬಳಸುತ್ತಿದ್ದರು. ‘ಡೋಪ್ ಶೀಟ್’ ಎಂದು ಅವುಗಳ ಹೆಸರು. ಹಲಗೆಯನ್ನೂ ಗುಂಡಿಗಳನ್ನೂ ನೇರ ಮೇಲಿನಿಂದ ಒಂದು ಫೋಟೋ ತೆಗೆಯುವುದು ಇನ್ನೂ ಬೇಗ.

ಇನ್ನೊಂದು ಮಾತು. ಹೊರಗಿನ ಧ್ವನಿಯನ್ನು ಮರೆಯಬೇಡಿ. ಈ ಮಾದರಿಯಲ್ಲಿ ಎರಡು ಇನ್‌ಪುಟ್‌ಗಳಿವೆ. ಸಂಗೀತಗಾರ ಬ್ರಯಾನ್ ಈನೋ ರಾಕ್ಸಿ ಮ್ಯೂಸಿಕ್ ಎಂಬ ಬ್ರಿಟಿಷ್ ರಾಕ್ ತಂಡದಲ್ಲಿದ್ದಾಗ ವಿ.ಸಿ.ಎಸ್. 3ರ ಮೂಲಕ ಜೊತೆಗಾರರ ವಾದ್ಯಗಳನ್ನೇ ಹಾಯಿಸಿ ರೂಪ ಬದಲಿಸುತ್ತಿದ್ದರು. ಮೈಕಿನಿಂದ ನಿಮ್ಮದೇ ದನಿ ಕೊಟ್ಟು ರಿಂಗ್ ಮಾಡ್ಯುಲೇಟರಿಗೆ ಕಳಿಸಿ ನೋಡಿ.

ಪ್ರಶ್ನೆ ಕೇಳಿದವರು: ಮೂರನೇ ಆಸಿಲೇಟರ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ಸಂಜೆಗಳ ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ಸಂಜೆ ಜಾಯ್‌ಸ್ಟಿಕ್ಕಿನ ಪರೀಕ್ಷೆ. ಮೀಟರಿಗೆ ಪಿನ್ ಇಟ್ಟು, ಮುಳ್ಳು ನಡುಗೆರೆಗೆ ಬರುವವರೆಗೆ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುತ್ತ ಹೋದೆ. ಆಮೇಲೆ ಮೀಟರಿನ ಪಿನ್ ತೆಗೆದು ಫಿಲ್ಟರಿಗೆ ಬಿಳಿ ಪಿನ್ ಇಟ್ಟೆ. ಸ್ವರ ಕದಲಲಿಲ್ಲ. ಮೇಲಕ್ಕೆ ತಳ್ಳಿ ಇಟ್ಟಾಗ ಜಾರಿತು. ಹಸಿರು ಇಟ್ಟಾಗ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ನಾಲ್ಕು ತಿಂಗಳು ತಲೆ ತಿಂದ ವಿಷಯ ಹತ್ತು ನಿಮಿಷದಲ್ಲಿ ಬೆಳಕಿಗೆ ಬಂತು.

ಎರಡನೆಯ ಸಂಜೆ ಮಲ್ಟಿಮೀಟರ್. ನನ್ನಲ್ಲಿ ಇಪ್ಪತ್ತೆರಡು ಬಿಳಿ, ನಾಲ್ಕು ಕೆಂಪು, ಆರು ಹಸಿರು ಪಿನ್ನುಗಳಿವೆ. ಹದಿನೇಳನೆಯ ಬಿಳಿ ಪಿನ್ನಿಗೆ ಬಂದಾಗ ಮೀಟರ್ 0.3 ಓಮ್ ತೋರಿಸಿತು. ಕಡ್ಡಿಗಳು ಒಂದಕ್ಕೊಂದು ತಾಗಿರಬೇಕೆಂದು ಮತ್ತೆ ಹಿಡಿದೆ. ಮತ್ತೆ 0.3. ಬೆಸುಗೆ ಕಡ್ಡಿ ಅವರು ಹೇಳಿದ್ದು ಅಕ್ಷರಶಃ ನಿಜ. ಅದನ್ನು ಫಿಲ್ಟರಿನ ರಂಧ್ರದಲ್ಲಿ ಇಟ್ಟು ನೋಡಿದೆ: ಜಾಯ್‌ಸ್ಟಿಕ್ ಆಸಿಲೇಟರಿನ ಮಟ್ಟಿಗೆ ಸತ್ತಿತು, ಫಿಲ್ಟರ್ ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಗಿಯಿತು. ಪಿನ್ನಿನ ಟೊಪ್ಪಿಗೆ ಬಿಚ್ಚಿದರೆ ಒಳಗೆ ರೆಸಿಸ್ಟರಿನ ಕತ್ತರಿಸಿದ ಕಾಲಿನ ತುಂಡೊಂದನ್ನು ನೇರ ಬೆಸೆದಿದ್ದಾರೆ. ನನಗೆ ಸಿಗದೆ ಹೋದ ನಾದಗಳಲ್ಲಿ ಕೆಲವನ್ನಾದರೂ ಇದೇ ಪಿನ್ ಹುಟ್ಟಿಸಿರಬೇಕು, ಏಕೆಂದರೆ ಬಿಳಿ ಎಂದು ಬರೆದುಕೊಳ್ಳುತ್ತಿದ್ದೆನೇ ಹೊರತು ಯಾವ ಬಿಳಿ ಎಂದಲ್ಲ.

ಮೂರನೆಯ ಸಂಜೆ ಡಿಕೇ ಜೋಡಣೆ. ರೆಕಾರ್ಡರ್ ಮೊದಲು ಚಾಲೂ ಮಾಡಿದೆ. ನಾಯ್ಸನ್ನು ಫಿಲ್ಟರಿಗೆ, ಫಿಲ್ಟರನ್ನು ಎನ್ವಲಪಿಗೆ, ಎನ್ವಲಪನ್ನು ಹೊರಕ್ಕೆ; ಮೂರನೇ ಆಸಿಲೇಟರನ್ನು ಡಿಕೇಗೆ. ಅಲೆ ದಡ ಮುಟ್ಟುವ ಸದ್ದಿನಂತೆ ಕೇಳಿತು, ಆದರೆ ಪ್ರತಿ ಅಲೆಯ ಹಿಂದೆಗೆತವೂ ಬೇರೆ ಉದ್ದ. ಒಂದು ಅಲೆ ಎಷ್ಟು ಹೊತ್ತಾದರೂ ಹಿಂದೆ ಸರಿಯುತ್ತಲೇ ಇತ್ತು, ನಾನು ಉಸಿರು ಹಿಡಿದುಕೊಂಡಿದ್ದೆ. ಆಗ ಗೊತ್ತಿಲ್ಲದೆ ಮೊಣಕೈ ಪೆಟ್ಟಿಗೆಗೆ ತಾಗಿತು. ಒಳಗಿನ ರಿವರ್ಬಿನ ಸ್ಪ್ರಿಂಗು ದೂರದ ಗುಡುಗಿನಂತೆ ಮೊಳಗಿತು. ಅದೂ ಈಗ ರೆಕಾರ್ಡಿನಲ್ಲಿದೆ, ಇಟ್ಟುಕೊಳ್ಳುತ್ತೇನೆ.

ಒಂದೇ ಪ್ರಶ್ನೆ ಉಳಿದಿದೆ. ಆ ತಂತಿಯ ಪಿನ್ನನ್ನು ಏನು ಮಾಡಲಿ? ಬಿಸಾಡಬೇಕೇ, ಅದರಿಂದ ಏನಾದರೂ ಉಪಯೋಗವಿದೆಯೇ?

ಉತ್ತರ: ಬೆಸುಗೆ ಕಡ್ಡಿ

ಬಿಸಾಡಬೇಡಿ. ತಂತಿಯ ತುಂಡನ್ನು ತೆಗೆದು, ಶೇಕಡಾ 1ರ ಒಂದು 2.7 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಬೆಸೆಯುವಾಗ ಪಿನ್ನಿನ ತುದಿಯನ್ನು ಚಿಮುಟದಲ್ಲಿ ಹಿಡಿದುಕೊಳ್ಳಿ, ಶಾಖ ಅದಕ್ಕೆ ಹರಿದುಹೋಗುತ್ತದೆ, ಪ್ಲಾಸ್ಟಿಕ್ ಕರಗುವುದಿಲ್ಲ. ಟೊಪ್ಪಿಗೆಗೆ ಕೆಂಪು ಬಣ್ಣ ಹಚ್ಚಿ. ಐದನೆಯ ಕೆಂಪು ಪಿನ್ ಆಯಿತು.

ಉತ್ತರ: ಹಸಿರು ಪಿನ್

ಬೆಸೆಯುವ ಮೊದಲು ಅದೇ ಅಲೆಯ ಜೋಡಣೆಗೆ ಇನ್ನೆರಡು ಸೇರಿಸಿ ಕೇಳಿ, ಎರಡಕ್ಕೂ ಹಸಿರೇ ಇರಲಿ: ಫಿಲ್ಟರಿನಿಂದ ರಿವರ್ಬಿಗೆ, ರಿವರ್ಬಿನಿಂದ ಮತ್ತೆ ಫಿಲ್ಟರಿಗೆ. ಸ್ಪೀಕರಿನ ಧ್ವನಿಯನ್ನು ತಗ್ಗಿಸಿಟ್ಟು, ರಿವರ್ಬಿನ ಪ್ರಮಾಣವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಒಂದು ಜಾಗದಲ್ಲಿ ಅಲೆಯ ಹಿಂದೆ ಒಂದು ಸ್ವರ ಮೂಡತೊಡಗುತ್ತದೆ, ಇನ್ನೂ ಕೂಗಾಗಿರುವುದಿಲ್ಲ. ಕೈಯನ್ನು ಅಲ್ಲಿ ನಿಲ್ಲಿಸಿ. ಆ ರೆಕಾರ್ಡಿಂಗ್ ಆದಾಗ, ಮೊಣಕೈಯ ಗುಡುಗಿನ ಸಮೇತ, ಇಲ್ಲಿ ಹಾಕಿ. ಕೇಳಲು ಕಾದಿರುತ್ತೇನೆ.